ಸರ್ಪಗಂಧದ ಬೇರಿಗೆ ಲೆಕ್ಕ ಇಟ್ಟ ಡಾಕ್ಟರ್ ವಕೀಲ್

ನ್ಯಾಮತಿ ಬಿಟ್ಟು ಶಿವಮೊಗ್ಗ ದಾಟಿದರೆ ಮಲೆನಾಡು ಶುರು. ಅಲ್ಲಿನ ಕಾಡುಗಳಲ್ಲಿ ಬೆಳೆಯುವ ಗಿಡ ಸರ್ಪಗಂಧ. ಸೂತ್ರನಾಭಿ ಅಂತಲೂ ಕರೀತಾರೆ. ಹಾವು ಕಚ್ಚಲಿ, ನಿದ್ದೆ ಕೆಡಲಿ, ತಲೆ ಕೆಡಲಿ, ನಾಟಿ ವೈದ್ಯರು ಇದರ ಬೇರು ಅರೆದು ಕೊಡುತ್ತಿದ್ದರು. ಗುಣವಾದವರ ಸುದ್ದಿ ಊರೆಲ್ಲ ಹಬ್ಬುತ್ತಿತ್ತು. ಗುಣವಾಗದವರ ಲೆಕ್ಕ ಇಟ್ಟವರು ಯಾರು?

ಆ ಲೆಕ್ಕ ಇಟ್ಟವರಲ್ಲಿ ದೊಡ್ಡ ಹೆಸರು ಡಾ. ರುಸ್ತುಂ ಜಾಲ್ ವಕೀಲ್. ಹೆಸರು ವಕೀಲ್, ಕಸುಬು ಡಾಕ್ಟರಿಕೆ. 1911ರಲ್ಲಿ ಹುಟ್ಟಿದ ಬೊಂಬಾಯಿ ಪಾರ್ಸಿ. ಲಂಡನ್ನಿನಲ್ಲಿ ಓದಿ ಬಂದು ಬೊಂಬಾಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹೃದಯರೋಗಿಗಳನ್ನು ನೋಡತೊಡಗಿದರು. ರಕ್ತದೊತ್ತಡಕ್ಕೆ, ಅಂದ್ರೆ ಬಿ.ಪಿ.ಗೆ, ನೆಚ್ಚಿಕೊಳ್ಳುವಂಥ ಗುಳಿಗೆ ಆಗ ಇರಲಿಲ್ಲ. ಎಂಥ ಸಾಹುಕಾರನಾದರೂ ಲಕ್ವ ಹೊಡೆದರೆ ಮಲಗಿದಲ್ಲೇ.

ಸರ್ಪಗಂಧ ಬಿ.ಪಿ. ಇಳಿಸುತ್ತೆ ಅಂತ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಹೊರದೇಶದವರು ಕಿವಿಗೊಡಲಿಲ್ಲ. ವಕೀಲರು ವಾದಕ್ಕೆ ನಿಲ್ಲಲಿಲ್ಲ. ಹತ್ತು ವರ್ಷದ ಅನುಭವ ಕಟ್ಟಿಕೊಂಡು, 50 ಮಂದಿ ರೋಗಿಗಳ ಒತ್ತಡ ಅಳೆದು ಬರೆದಿಟ್ಟರು. 4 ವಾರ ಬೇರಿನ ಗುಳಿಗೆ ಕೊಟ್ಟ ಮೇಲೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಒತ್ತಡ ಇಳಿದಿತ್ತು. 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಇದನ್ನು ಅಚ್ಚು ಹಾಕಿತು.

ಆಮೇಲೆ ಜಗತ್ತೇ ಎದ್ದು ಕೂತಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನ ಸತ್ವ ತೆಗೆದು ರಿಸರ್ಪಿನ್ ಅಂತ ಹೆಸರಿಟ್ಟರು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ, 1958ರಲ್ಲಿ ಪದ್ಮಭೂಷಣ. ಅಮೆರಿಕದಲ್ಲಿ ಒತ್ತಡ ವಿಪರೀತ ಏರಿದ್ದ 143 ಗಂಡಸರನ್ನು ಎರಡು ಪಾಲು ಮಾಡಿ ಒಂದು ಪರೀಕ್ಷೆ ನಡೆಸಿದರು. ಒಂದು ಪಾಲಿಗೆ ರಿಸರ್ಪಿನ್ ಸೇರಿ ಮೂರು ಔಷಧಿ, ಇನ್ನೊಂದಕ್ಕೆ ಬರೀ ಹುಸಿ ಗುಳಿಗೆ. 1967ರಲ್ಲಿ ಫಲಿತಾಂಶ ಹೊರಬಿತ್ತು. ಹುಸಿ ಗುಳಿಗೆಯವರಲ್ಲಿ 27 ಮಂದಿ ಸಾವು, ಲಕ್ವದಂಥ ಗಂಡಾಂತರಕ್ಕೆ ಸಿಕ್ಕಿದ್ದರು. ಔಷಧಿಯವರಲ್ಲಿ ಬರೀ 2. ಬಿ.ಪಿ. ಇಳಿಸಿದರೆ ಜೀವ ಉಳಿಯುತ್ತೆ ಅನ್ನೋದು ಹೀಗೆ ರುಜುವಾಯಿತು.

ವಕೀಲರು 1974ರಲ್ಲಿ ತೀರಿಕೊಂಡರು. ಲೆಕ್ಕ ಮಾತ್ರ ನಿಲ್ಲಲಿಲ್ಲ. ರಿಸರ್ಪಿನ್ ಡೋಸ್ ಹೆಚ್ಚಾದರೆ ಕೆಲವರ ಮನಸ್ಸು ಕುಗ್ಗುತ್ತೆ ಅಂತ ಗೊತ್ತಾಯಿತು. ಅದಕ್ಕಿಂತ ಒಳ್ಳೆ ಗುಳಿಗೆಗಳು ಬಂದವು. ಈಗ ಅದನ್ನು ಬರೆಯುವ ಡಾಕ್ಟರು ಕಮ್ಮಿ. ಇತ್ತ ಕಾಡಿನಲ್ಲಿ ಬೇರು ಅಗೆದು ಅಗೆದು ಗಿಡವೇ ಅಪರೂಪವಾಯಿತು.

ಸಂತೆಯಲ್ಲಿ ಸಿಗುವ ಬೇರಿನ ಪುಡಿಗೆ ಡೋಸ್ ಗೊತ್ತಿಲ್ಲ, ಅಳತೆ ಇಲ್ಲ. ಅದನ್ನು ನಂಬಿ ಡಾಕ್ಟರು ಕೊಟ್ಟ ಗುಳಿಗೆ ಬಿಡೋದು, ಮೈ ಹಗುರಾಯ್ತು ಅಂತ ಅರ್ಧಕ್ಕೇ ನಿಲ್ಲಿಸೋದು, ಎರಡೂ ಅಪಾಯ. ಬಿ.ಪಿ. ನೋಯೋದಿಲ್ಲ, ಕೂಗೋದಿಲ್ಲ. ಅದಕ್ಕೇ ವಕೀಲರು ರೋಗಿಯ ಮುಖ ನೋಡಿ ತೀರ್ಮಾನಿಸಲಿಲ್ಲ, ಅಳೆದು ನೋಡಿದರು. ನ್ಯಾಮತಿಯವರೂ ಅಷ್ಟೇ, ಸರ್ಕಾರಿ ಆಸ್ಪತ್ರೆಗೆ ಹೋಗಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಬರಲಿ. ಐದು ನಿಮಿಷದ ಕೆಲಸ.