ಆನೆಕಾಲಿನ ಮರ್ಮವರಿತ ಸರ್ ಪ್ಯಾಟ್ರಿಕ್ ಮ್ಯಾನ್ಸನ್

ಮಟ್ಟಾಂಚೇರಿಯಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ಹಿನ್ನೀರು, ಸೊಳ್ಳೆ, ಆನೆಕಾಲು ಈ ಮೂರರ ಪರಿಚಯವೂ ಉಂಟು. ಹಿಂದೆ ಪಾಶ್ಚಾತ್ಯರು ಈ ರೋಗವನ್ನು ಕೊಚ್ಚಿಯ ಕಾಲು ಎಂದೇ ಕರೆಯುತ್ತಿದ್ದರು. ಸಂತ ತೋಮಸರನ್ನು ಕೊಂದವರ ವಂಶಕ್ಕೆ ತಟ್ಟಿದ ಶಾಪವಿದೆಂದು ಕಥೆಯೂ ಹಬ್ಬಿತ್ತು. ನೋವಿನೊಡನೆ ನಿಂದೆಯನ್ನೂ ಹೊತ್ತ ರೋಗಿಗಳನ್ನು ಆ ಅಪವಾದದಿಂದ ಬಿಡಿಸಿದವರಲ್ಲಿ ಸರ್ ಪ್ಯಾಟ್ರಿಕ್ ಮ್ಯಾನ್ಸನ್ನರು ಅಗ್ರಗಣ್ಯರು.

ಮ್ಯಾನ್ಸನ್ನರು 1844ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದರು. ಅಬರ್ಡೀನಿನಲ್ಲಿ ವೈದ್ಯಶಾಸ್ತ್ರವನ್ನು ಓದಿ, 1866ರಲ್ಲಿ ಫಾರ್ಮೋಸಾ ದ್ವೀಪಕ್ಕೂ 1871ರಲ್ಲಿ ಚೀನದ ಅಮಾಯ್ ಬಂದರಿಗೂ ವೈದ್ಯರಾಗಿ ಹೋದರು. ಕೊಚ್ಚಿಯಂತೆ ಅಲ್ಲಿಯೂ ಆಗ ಆನೆಕಾಲಿನ ಹಾವಳಿ ಬಹಳವಿತ್ತು.

ರಕ್ತನಾಳಗಳಿಂದ ಒಸರಿದ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸಲು ನಮ್ಮ ದೇಹದಲ್ಲಿ ಸಣ್ಣ ಕಾಲುವೆಗಳಿವೆ; ಇವೇ ದುಗ್ಧರಸನಾಳಗಳು. ನೂಲಿನಂಥ ಫೈಲೇರಿಯಾ ಹುಳುಗಳು ಇವುಗಳಲ್ಲಿ ನೆಲೆಸಿ ನಾಳಗಳನ್ನು ಕೆಡಿಸಿದರೆ ದ್ರವವು ಕಾಲಿನಲ್ಲಿಯೇ ನಿಲ್ಲುತ್ತದೆ. ವರ್ಷಗಳು ಕಳೆದಂತೆ ಕಾಲು ಊದಿ ಚರ್ಮವು ದಪ್ಪವಾಗುತ್ತದೆ. 1872ರಲ್ಲಿ ಕಲ್ಕತ್ತೆಯಲ್ಲಿ ಲೂಯಿಸ್ ಎಂಬ ವೈದ್ಯರು ಮನುಷ್ಯರ ರಕ್ತದಲ್ಲಿ ಈ ಹುಳುವಿನ ಮರಿಗಳನ್ನು ಕಂಡಿದ್ದರು. ಆದರೆ ಅವು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ದಾರಿ ಯಾರಿಗೂ ತಿಳಿದಿರಲಿಲ್ಲ.

1877ರಲ್ಲಿ ಮ್ಯಾನ್ಸನ್ನರು ರಕ್ತದಲ್ಲಿ ಮರಿಗಳಿದ್ದ ತಮ್ಮ ಆಳೊಬ್ಬನನ್ನು ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮರಿಗಳು ಸೊಳ್ಳೆಯ ಒಡಲಿನಲ್ಲಿ ಬೆಳೆಯುತ್ತಿದ್ದವು! ಹಗಲೂ ರಾತ್ರಿಯೂ ರಕ್ತವನ್ನು ಪರೀಕ್ಷಿಸಿದಾಗ ಮತ್ತೊಂದು ಸೋಜಿಗ ಹೊರಬಿತ್ತು: ಹಗಲಿನಲ್ಲಿ ಕಾಣದ ಮರಿಗಳು ನಡುರಾತ್ರಿಯ ಹೊತ್ತಿಗೆ ಕಿಕ್ಕಿರಿಯುತ್ತಿದ್ದವು. ಹಗಲೆಲ್ಲ ಅವು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆಂಬುದು ಮುಂದೆ ತಿಳಿಯಿತು. ರೋಗಿಯು ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ ಈ ಕ್ರಮವೂ ತಲೆಕೆಳಗಾಗುತ್ತದೆ. ದೇಹದ ನಿದ್ರೆ ಎಚ್ಚರಗಳನ್ನು ಹುಳುವೂ ಅನುಸರಿಸುವುದು ಎಂತಹ ವಿಚಿತ್ರ!

ಸೊಳ್ಳೆ ಸತ್ತುಬಿದ್ದ ನೀರನ್ನು ಕುಡಿದವರಿಗೆ ರೋಗ ಹತ್ತುವುದೆಂದು ಅವರು ಊಹಿಸಿದ್ದರು. ಅದು ಕಚ್ಚುವಾಗಲೇ ಹತ್ತುವುದೆಂದು 1900ರ ಸುಮಾರಿಗೆ ಸಿದ್ಧವಾಯಿತು. ಊಹೆ ತಪ್ಪಿದರೂ ದಾರಿ ತಪ್ಪಿರಲಿಲ್ಲ. 1894ರಲ್ಲಿ ಲಂಡನ್ನಿನಲ್ಲಿ ಅವರಿಂದ ಮಲೇರಿಯದ ಪಾಠ ಕಲಿತ ರೊನಾಲ್ಡ್ ರಾಸ್, ಮುಂದೆ ನಮ್ಮ ಬೆಂಗಳೂರಿನಲ್ಲಿಯೂ ದುಡಿದು, 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯ ಜೀವಿಯನ್ನು ಕಂಡರು. 1899ರಲ್ಲಿ ಮ್ಯಾನ್ಸನ್ನರ ಪ್ರಯತ್ನದಿಂದ ಲಂಡನ್ನಿನಲ್ಲಿ ಉಷ್ಣವಲಯದ ರೋಗಗಳ ಶಾಲೆ ತೆರೆಯಿತು. 1922ರಲ್ಲಿ ಅವರು ಕಾಲವಾದರು.

ಸೊಳ್ಳೆಯ ಪರದೆ ಕಟ್ಟುವಾಗ, ಮನೆಯ ಹಿಂದಿನ ಚರಂಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವಾಗ, ನಾವು ಈ ಮಹನೀಯರ ಋಣವನ್ನು ತೀರಿಸುತ್ತಿದ್ದೇವೆ. ಆನೆಕಾಲಿನ ನೆರೆಯವರನ್ನು ಕಂಡು ಮುಖ ತಿರುಗಿಸದೆ ಆದರದಿಂದ ಮಾತನಾಡಿಸಿದರೆ ಆ ಋಣದ ಉಳಿದ ಭಾಗವೂ ಸಲ್ಲುತ್ತದೆ.