ತಾಯಿ ಚಿಟ್ಟೆಯ ಒಡಲಲ್ಲಿ ರೋಗವನ್ನು ಕಂಡ ಲೂಯಿ ಪಾಶ್ಚರ್

ಲೂಯಿ ಪಾಶ್ಚರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ ಸಂಗತಿಗಳು: ಕಾಯಿಸಿ ಕೆಡದಂತೆ ಮಾಡಿದ ಹಾಲು ಮತ್ತು ಹುಚ್ಚುನಾಯಿ ಕಡಿತದ ಚುಚ್ಚುಮದ್ದು. ಆದರೆ ಈ ಕ್ಯಾಥೋಲಿಕ ವಿಜ್ಞಾನಿಯ ಬದುಕಿನ ಅತ್ಯಂತ ಕಠಿಣವಾದ ಐದು ವರ್ಷಗಳು ಕಳೆದುಹೋದದ್ದು ರೇಷ್ಮೆ ಹುಳುವಿನ ಮನೆಯಲ್ಲಿ. ಹಿಪ್ಪುನೇರಳೆ ತೋಟವನ್ನು ಕಂಡು ಬೆಳೆದ ಕನ್ನಡಿಗರಾದ ನಾವು ಆ ಐದು ವರ್ಷಗಳನ್ನು ಅರಿತಿರುವುದು ಉಚಿತವೆಂದು ಭಾವಿಸುತ್ತೇವೆ.

1822ರ ಡಿಸೆಂಬರ್ 27ರಂದು ಫ್ರಾನ್ಸಿನ ಪೂರ್ವಭಾಗದ ದೋಲ್ ಎಂಬ ಪಟ್ಟಣದಲ್ಲಿ ಪಾಶ್ಚರ್ ಜನಿಸಿದರು. ತಂದೆ ಜಾಂ ಜೋಸೆಫ್ ನೆಪೋಲಿಯನ್ನನ ಸೈನ್ಯದಲ್ಲಿ ದುಡಿದು ಬಂದವರು, ವೃತ್ತಿಯಿಂದ ಚರ್ಮ ಹದಮಾಡುವವರು. ಬಾಲ್ಯವೆಲ್ಲ ಆರ್ಬ್ವಾ ಎಂಬ ಸಣ್ಣ ಊರಿನಲ್ಲಿ ಕಳೆಯಿತು. ಮುಂದೆ ರಸಾಯನಶಾಸ್ತ್ರವನ್ನು ಅಭ್ಯಸಿಸಿ, ಹರಳುಗಳ ರಚನೆಯನ್ನೂ ಹುದುಗುವಿಕೆಯ ಕಾರಣವನ್ನೂ ಶೋಧಿಸಿ, ನಲವತ್ತರ ಪ್ರಾಯಕ್ಕೆ ಪ್ಯಾರಿಸ್ಸಿನಲ್ಲಿ ಹೆಸರಾಂತ ಪ್ರಾಧ್ಯಾಪಕರಾಗಿದ್ದರು. ಅವರು ವೈದ್ಯರಲ್ಲ, ಪಶುವೈದ್ಯರೂ ಅಲ್ಲ.

1865ರಲ್ಲಿ ಅವರ ಗುರುಗಳಾದ ರಸಾಯನಶಾಸ್ತ್ರಜ್ಞ ದ್ಯೂಮಾ ಒಂದು ವಿಚಿತ್ರವಾದ ಬೇಡಿಕೆಯನ್ನು ಮುಂದಿಟ್ಟರು. ದಕ್ಷಿಣ ಫ್ರಾನ್ಸಿನ ಆಲೆಸ್ ಪಟ್ಟಣ ದ್ಯೂಮಾರವರ ಹುಟ್ಟೂರು. ಅಲ್ಲಿ ರೇಷ್ಮೆಯೇ ಜನರ ಅನ್ನ. 1853ರಲ್ಲಿ ಫ್ರಾನ್ಸ್ ದೇಶದಲ್ಲಿ ಸುಮಾರು 2 ಕೋಟಿ 60 ಲಕ್ಷ ಕಿಲೋ ಗೂಡು ಬಂದಿದ್ದರೆ, 1865ರ ವೇಳೆಗೆ ಅದು ಸುಮಾರು 40 ಲಕ್ಷ ಕಿಲೋಗೆ ಇಳಿದಿತ್ತು. ಹುಳುಗಳ ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳು ಮೂಡಿ, ಅವು ಸೊಪ್ಪು ಮುಟ್ಟದೆ, ಜ್ವರದಿಂದ ಏಳದೆ, ಹಾಸಿಗೆಯಲ್ಲೇ ಸಾಯುತ್ತಿದ್ದವು. ಮೆಣಸಿಗೆ ಅಲ್ಲಿನ ಆಡುಮಾತಿನಲ್ಲಿರುವ ಹೆಸರಿನಿಂದಲೇ ಈ ಪಿಡುಗಿಗೆ ಪೆಬ್ರಿನ್ ಎಂಬ ಹೆಸರು ಬಂತು. ನಮ್ಮ ರೇಷ್ಮೆ ಬೆಳೆಗಾರರು ಗಂಟು ರೋಗವೆನ್ನುವುದು ಇದನ್ನೇ.

ತಾನು ರೇಷ್ಮೆ ಹುಳುವನ್ನು ಮುಟ್ಟಿಯೂ ನೋಡಿದವನಲ್ಲವೆಂದು ಪಾಶ್ಚರ್ ಹಿಂಜರಿದರು. ಆದರೂ ಗುರುವಿನ ಮಾತನ್ನು ಮೀರದೆ ಹೊರಟರು. ಆವಿನ್ಯೋನ್ ನಗರದಲ್ಲಿ ಕೀಟಶಾಸ್ತ್ರಜ್ಞ ಫಾಬ್ರ್ ಅವರನ್ನು ಕಂಡಾಗ, ಕೈಗಿತ್ತ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಅಚ್ಚರಿಪಟ್ಟರಂತೆ. ಗೂಡಿನೊಳಗೆ ಕೋಶಾವಸ್ಥೆಯಲ್ಲಿರುವ ಹುಳುವಿನ ವಿಚಾರವೇ ಅವರಿಗೆ ತಿಳಿದಿರಲಿಲ್ಲ! ಈ ಅಜ್ಞಾನವನ್ನು ಫಾಬ್ರ್ ಹಾಸ್ಯಮಾಡಲಿಲ್ಲ. ಏನನ್ನೂ ತಿಳಿಯದೆ ಬಂದವನಿಗೆ ತಪ್ಪು ತಿಳಿವಳಿಕೆಯ ಹೊರೆಯೂ ಇರುವುದಿಲ್ಲವೆಂದು ಅವರು ಮುಂದೆ ಮೆಚ್ಚಿಯೇ ಬರೆದರು.

1865ರ ಜೂನ್ ತಿಂಗಳಲ್ಲಿ ಪಾಶ್ಚರ್ ಆಲೆಸ್ ತಲಪಿದ ಕೆಲವೇ ದಿನಗಳಲ್ಲಿ ತಂದೆಯವರು ತೀರಿಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಮಗಳು ಕಮೀಲ್ ಹೋದಳು. ಮರುವರ್ಷ ಮೇ ತಿಂಗಳಲ್ಲಿ, ತಂದೆಯ ಬಳಿಗೆಂದು ತಾಯಿಯೊಡನೆ ಹೊರಟಿದ್ದ ಹನ್ನೆರಡು ವರ್ಷದ ಸೆಸೀಲ್ ಹಾದಿಯಲ್ಲಿ ಷಾಂಬೆರಿ ಎಂಬಲ್ಲಿ ವಿಷಮಶೀತ ಜ್ವರಕ್ಕೆ ತುತ್ತಾದಳು. ಹಿರಿಯ ಮಗಳು ಜಾನ್ ಕೂಡ 1859ರಲ್ಲಿ ಇದೇ ಜ್ವರದಿಂದ ತೀರಿಕೊಂಡಿದ್ದಳು. ಐವರು ಮಕ್ಕಳಲ್ಲಿ ಉಳಿದವರು ಇಬ್ಬರು. ಆ ಜ್ವರದ ಕ್ರಿಮಿಯನ್ನು ಸೂಕ್ಷ್ಮದರ್ಶಕದಲ್ಲಿ ಎಬರ್ಟ್ ಎಂಬ ಜರ್ಮನ್ ವೈದ್ಯರು ಗುರುತಿಸಿದ್ದು 1880ರಲ್ಲಿ. ಸೆಸೀಲಳು ಸತ್ತಾಗ ಅದಕ್ಕೆ ಹೆಸರೂ ಇರಲಿಲ್ಲ, ರೂಪವೂ ಇರಲಿಲ್ಲ. ಮಗಳನ್ನು ಮಣ್ಣುಮಾಡಿ ಬಂದ ತಂದೆ ಮತ್ತೆ ಹುಳುಗಳ ಮುಂದೆ ಕುಳಿತರು.

ರೋಗಪೀಡಿತ ಹುಳುಗಳ ಒಡಲಲ್ಲಿ ಹೊಳೆಯುವ ಮೊಟ್ಟೆಯಾಕಾರದ ಅತಿಸೂಕ್ಷ್ಮ ಕಣಗಳಿರುವುದನ್ನು ಇಟಲಿಯ ಕೊರ್ನಾಲಿಯ ಮೊದಲಾದವರು ಆಗಲೇ ಕಂಡಿದ್ದರು. ಒಂದೊಂದು ಕಣದ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲು ಮಾತ್ರ. ಅದು ರೋಗದ ಕಾರಣವೋ ರೋಗದ ಫಲವೋ ಎಂಬುದೇ ಪ್ರಶ್ನೆ. ಪಾಶ್ಚರ್ ಮೊದಲು ತಪ್ಪಿದರು. ಕಣಗಳು ರೋಗದಿಂದ ಹುಟ್ಟಿದ ಕಸವೆಂದು ತಿಳಿದರು. ಅದು ಹೊರಗಿನಿಂದ ಬಂದ ಪರಾವಲಂಬಿ ಜೀವಿಯೆಂದು ಬೆಶಾಂ ಎಂಬ ಇನ್ನೊಬ್ಬ ವಿಜ್ಞಾನಿ ಸಾರಿದಾಗ ಒಪ್ಪಲಿಲ್ಲ. ಆದರೆ ರೋಗದ ಹುಳುವನ್ನು ಅರೆದು ಸೊಪ್ಪಿಗೆ ಸವರಿ ಆರೋಗ್ಯದ ಹುಳುಗಳಿಗೆ ತಿನ್ನಿಸಿದಾಗಲೆಲ್ಲ ಕಣಗಳೂ ಚುಕ್ಕೆಗಳೂ ಒಟ್ಟಿಗೆ ಕಾಣಿಸಿಕೊಂಡವು. 1867ರ ವೇಳೆಗೆ ಅವರು ತಮ್ಮ ಮೊದಲ ಅಭಿಪ್ರಾಯವನ್ನು ಕೈಬಿಟ್ಟರು. ಬೆಶಾಂ ಅವರಿಗೆ ಸಲ್ಲಬೇಕಾದ ಗೌರವವನ್ನು ಮಾತ್ರ ಮನಸಾರೆ ಸಲ್ಲಿಸಲಿಲ್ಲವೆಂದು ಹೇಳದೆ ವಿಧಿಯಿಲ್ಲ.

ಆದರೆ ಕಾರಣದ ವಾದ ಮುಗಿಯುವ ಮೊದಲೇ ಪರಿಹಾರದ ದಾರಿ ಅವರಿಗೆ ಹೊಳೆದಿತ್ತು. ಮೊಟ್ಟೆಯನ್ನಾಗಲಿ ಎಳೆಯ ಹುಳುವನ್ನಾಗಲಿ ನೋಡಿದರೆ ಕಣಗಳು ಸಿಗದೆ ಹೋಗಬಹುದು. ರೋಗ ಒಳಗೆ ಅಡಗಿದ್ದು ಮುಂದೆ ಬಲಿಯುತ್ತದೆ. ಚಿಟ್ಟೆಯಾಗುವಷ್ಟರಲ್ಲಿ ಅದು ಅಡಗಿರಲಾರದು. ಆದ್ದರಿಂದ ಪರೀಕ್ಷಿಸಬೇಕಾದದ್ದು ತಾಯಿಯನ್ನು. ಪ್ರತಿಯೊಂದು ಹೆಣ್ಣು ಚಿಟ್ಟೆಯನ್ನೂ ಬೇರೆಯಾಗಿ ಒಂದು ಬಟ್ಟೆಯ ತುಂಡಿನ ಮೇಲೆ ಮೊಟ್ಟೆಯಿಡಲು ಬಿಟ್ಟು, ಬಳಿಕ ಆ ಚಿಟ್ಟೆಯನ್ನು ಅದೇ ಬಟ್ಟೆಯ ಮೂಲೆಗೆ ಸಿಕ್ಕಿಸಿಡುವುದು. ಬಿಡುವಾದಾಗ ಅದನ್ನು ಕೆಲವು ಹನಿ ನೀರಿನಲ್ಲಿ ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡುವುದು. ಕಣ ಕಂಡರೆ ಬಟ್ಟೆಯ ಸಮೇತ ಮೊಟ್ಟೆಗಳನ್ನು ಸುಡುವುದು. ಕಾಣದಿದ್ದರೆ ಬಿತ್ತನೆಗೆ ಇಟ್ಟುಕೊಳ್ಳುವುದು. ರೈತರ ಕೈಗೆ ಸೂಕ್ಷ್ಮದರ್ಶಕವೇ ಎಂದು ನಕ್ಕವರಿಗೆ, ತಮ್ಮ ಪ್ರಯೋಗಶಾಲೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಅದನ್ನು ಸುಲಭವಾಗಿ ಕಲಿತಿದ್ದಾಳೆಂದು ಪಾಶ್ಚರ್ ಉತ್ತರವಿತ್ತರು. ಅವರ ಪತ್ನಿ ಮರಿ ಮತ್ತು ಮಗಳು ಮರಿ ಲೂಯಿಸ್ ಸಹ ಹುಳು ಸಾಕಣೆಯಲ್ಲಿ ಕೈಜೋಡಿಸಿದ್ದರು.

ಮೊಟ್ಟೆ ವ್ಯಾಪಾರಿಗಳು ಸುಮ್ಮನಿರುವರೇ? ಅವರ ಲಾಭಕ್ಕೇ ಕುತ್ತು ಬಂದಿತ್ತು. 1866ರಲ್ಲಿ ಪಾಶ್ಚರ್ ಹದಿನಾಲ್ಕು ತಂಡ ಮೊಟ್ಟೆಗಳ ತಾಯಿ ಚಿಟ್ಟೆಗಳನ್ನು ಪರೀಕ್ಷಿಸಿ, ಪ್ರತಿಯೊಂದರ ಮುಂದಿನ ಫಲವೇನೆಂದು ಬರೆದು, ಆ ಪತ್ರಕ್ಕೆ ಮುದ್ರೆಯೊತ್ತಿ ಸೇಂತ್ ಇಪೊಲಿತ್ ಎಂಬ ಊರಿನ ಮೇಯರರ ವಶಕ್ಕೆ ಕೊಟ್ಟರು. ಮರುವರ್ಷ ಬೆಳೆ ಮುಗಿದ ಮೇಲೆ ಪತ್ರವನ್ನು ಒಡೆದು ನೋಡಿದಾಗ ಹದಿನಾಲ್ಕರಲ್ಲಿ ಹನ್ನೆರಡು ನಿಜವಾಗಿದ್ದವು. ಉಳಿದೆರಡರಲ್ಲಿ ಅವರು ಹೇಳಿದ್ದ ನಾಶದ ಬದಲು ಅರ್ಧ ಬೆಳೆ ಬಂದಿತ್ತು. ಆದರೆ ಬೇರೆ ಕೆಲವು ಕಡೆ ಕಣಗಳಿಲ್ಲದಿದ್ದರೂ ಹುಳುಗಳು ಕೊಳೆತು ಸಾಯುತ್ತಿದ್ದವು. ಅದು ಬೇರೆಯೇ ರೋಗ, ಕರುಳಿನ ಕ್ರಿಮಿಗಳಿಂದ ಬರುವಂಥದು. ನಮ್ಮವರು ಸಪ್ಪೆ ರೋಗವೆನ್ನುವುದು. ಒಂದೇ ಎಂದು ತಿಳಿದಿದ್ದ ಪಿಡುಗು ಎರಡಾಗಿ ಬೇರ್ಪಟ್ಟಿತು.

1868ರ ಅಕ್ಟೋಬರ್ 19ರಂದು, 45ರ ವಯಸ್ಸಿನಲ್ಲಿ, ಪಾಶ್ಚರ್ ಪಾರ್ಶ್ವವಾಯುವಿಗೆ ಗುರಿಯಾದರು. ದೇಹದ ಎಡಭಾಗ ನಿಶ್ಚೇಷ್ಟಿತವಾಯಿತು. ಹಾಸಿಗೆಯಲ್ಲಿ ಮಲಗಿದ್ದಂತೆಯೇ ಸಪ್ಪೆ ರೋಗವನ್ನು ಮೊದಲೇ ಪತ್ತೆಹಚ್ಚುವ ವಿಧಾನವನ್ನು ಶಿಷ್ಯ ಜೆರ್ನೇಗೆ ಹೇಳಿ ಬರೆಸಿದರು. ಮೂರು ತಿಂಗಳಾಗುವಷ್ಟರಲ್ಲಿ, ನೆಟ್ಟಗೆ ನಡೆಯಲಾಗದ ಸ್ಥಿತಿಯಲ್ಲೇ, ಮತ್ತೆ ದಕ್ಷಿಣಕ್ಕೆ ಹೊರಟರು. 1870ರಲ್ಲಿ ರೇಷ್ಮೆ ಹುಳುವಿನ ರೋಗಗಳ ಕುರಿತ ಅವರ ಗ್ರಂಥ ಹೊರಬಂತು. ಮುಂದಿನ ಕೀರ್ತಿಯೆಲ್ಲ ಅವರಿಗೆ ದಕ್ಕಿದ್ದು ಎಡಗೈ ಸ್ವಾಧೀನದಲ್ಲಿಲ್ಲದ ಮನುಷ್ಯನಾಗಿ ಎಂಬುದನ್ನು ನಾವು ಮರೆಯುತ್ತೇವೆ.

ರೇಷ್ಮೆಯಲ್ಲಿ ಕಲಿತ ಪಾಠ ದನಕುರಿಗಳ ವಿಷಯದಲ್ಲಿ ಒದಗಿಬಂತು. ನೆರಡಿ ರೋಗದಿಂದ ಸತ್ತ ಪಶುವಿನ ರಕ್ತದಲ್ಲಿ ಕಡ್ಡಿಯಾಕಾರದ ಕ್ರಿಮಿಗಳಿರುವುದು 1850ರಿಂದಲೇ ತಿಳಿದಿದ್ದರೂ, ಆ ಕ್ರಿಮಿಯೇ ಕೊಲೆಗಾರನೆಂದು ಎಲ್ಲರೂ ಒಪ್ಪಿರಲಿಲ್ಲ. ಇಬ್ಬರು ಪ್ರಾಧ್ಯಾಪಕರು ನೆರಡಿಯಿಂದ ಸತ್ತ ಹಸುವಿನ ರಕ್ತವನ್ನು ಮೊಲಗಳಿಗೆ ಚುಚ್ಚಿದಾಗ ಮೊಲಗಳು ಸತ್ತವು, ಆದರೆ ಅವುಗಳಲ್ಲಿ ಆ ಕಡ್ಡಿಗಳೇ ಕಾಣಲಿಲ್ಲ. ಈ ಒಗಟನ್ನು 1877ರಲ್ಲಿ ಪಾಶ್ಚರ್ ಬಿಡಿಸಿದರು. ಸತ್ತು ಬಹಳ ಹೊತ್ತಾದ ಪಶುವಿನ ರಕ್ತಕ್ಕೆ ಕರುಳಿನಿಂದ ಬೇರೊಂದು ಕ್ರಿಮಿ ನುಗ್ಗುತ್ತದೆ, ಅದು ಗಾಳಿಯಿಲ್ಲದೆಡೆ ಬೆಳೆಯುತ್ತದೆ, ಮೊಲಗಳನ್ನು ಕೊಂದದ್ದು ಅದು ಎಂದು ತೋರಿಸಿಕೊಟ್ಟರು. ನೆರಡಿಯ ಸಂದೇಹವಿದ್ದ ಪಶುವಿನ ಕಳೇಬರವನ್ನು ಕೊಯ್ಯದೆ, ತಡಮಾಡದೆ, ಕಿವಿಯ ನರದಿಂದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ಪಶುವೈದ್ಯರು ಇಂದು ಹೇಳುವುದರ ಹಿಂದೆ ಇಂತಹ ಅನುಭವಗಳಿವೆ.

1881ರ ಮೇ ತಿಂಗಳಲ್ಲಿ ಪೂಯಿ ಲ ಫೋರ್ ಎಂಬ ಹಳ್ಳಿಯಲ್ಲಿ 25 ಕುರಿಗಳಿಗೆ ಲಸಿಕೆ ಹಾಕಿ, ಇನ್ನು 25ಕ್ಕೆ ಹಾಕದೆ, ಎಲ್ಲಕ್ಕೂ ನೆರಡಿಯ ಕ್ರಿಮಿಯನ್ನು ಚುಚ್ಚಿದ ಪ್ರಯೋಗ ಜಗತ್ಪ್ರಸಿದ್ಧ. ಲಸಿಕೆ ಪಡೆದವು ಉಳಿದವು, ಪಡೆಯದವು ಸತ್ತವು. ಆದರೆ ಆ ಲಸಿಕೆ ಪಾಶ್ಚರ್ ಜನರಿಗೆ ತಿಳಿಸಿದ್ದ ವಿಧಾನದಿಂದ ತಯಾರಾದದ್ದಲ್ಲ, ಸಹಾಯಕ ಷಾಂಬರ್ಲಾನ್ ರಾಸಾಯನಿಕದಿಂದ ಸಿದ್ಧಪಡಿಸಿದ್ದು ಎಂಬುದು ಅವರ ಟಿಪ್ಪಣಿ ಪುಸ್ತಕಗಳಿಂದ ಬೆಳಕಿಗೆ ಬಂದಿದೆ. ಇದು ಅವರ ಹೆಸರಿಗೆ ಶೋಭೆಯಲ್ಲ. ಅದೇ ಬಗೆಯ ದಾರಿಯಲ್ಲಿ ಮೊದಲೇ ನಡೆದಿದ್ದ ತೂಲೂಸ್ ಪಶುವೈದ್ಯ ಶಾಲೆಯ ಪ್ರಾಧ್ಯಾಪಕ ತೂಸ್ಸೇನ್ ಅವರ ಹೆಸರು ಮರೆಯಾದದ್ದಂತೂ ನೋವಿನ ಸಂಗತಿ.

1885ರಲ್ಲಿ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ನನ್ನು ಹುಚ್ಚುನಾಯಿ ರೋಗದಿಂದ ಕಾಪಾಡಿದ ಕಥೆ ಶಾಲಾ ಮಕ್ಕಳಿಗೂ ಗೊತ್ತು. ವಿಪರ್ಯಾಸವೆಂದರೆ, ಆ ರೋಗದ ಕ್ರಿಮಿಯನ್ನು ಪಾಶ್ಚರ್ ಕೊನೆಗೂ ನೋಡಲಿಲ್ಲ. ಅದು ಅವರ ಸೂಕ್ಷ್ಮದರ್ಶಕಕ್ಕೆ ನಿಲುಕುವಂಥದಾಗಿರಲಿಲ್ಲ.

ಅವರ ದೈವಭಕ್ತಿಯ ಕುರಿತು ನಮ್ಮ ಪುಸ್ತಕಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವ ಮಾತೊಂದಿದೆ. ಅದಕ್ಕೆ ದೃಢವಾದ ಆಧಾರವಿಲ್ಲವಾದ್ದರಿಂದ ಇಲ್ಲಿ ಅದನ್ನು ಬರೆಯುವುದಿಲ್ಲ.

ತಾಯಿ ಚಿಟ್ಟೆಯ ಪರೀಕ್ಷೆ ಇಂದಿಗೂ ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿದೆ. ನೀರಿನ ಬದಲು ಪೊಟ್ಯಾಸಿಯಂ ಕಾರ್ಬೊನೇಟಿನ ತೆಳು ದ್ರಾವಣ ಬಂದಿದೆ, ಚಿಟ್ಟೆಗಳನ್ನು ಒಟ್ಟುಗೂಡಿಸಿ ಅರೆಯುವ ಯಂತ್ರ ಬಂದಿದೆ. ನೋಡುವುದು ಮಾತ್ರ ಅದೇ ಹೊಳೆಯುವ ಕಣವನ್ನು. ನಮ್ಮ ರೈತರು ಕೊಳ್ಳುವ ರೋಗರಹಿತ ಮೊಟ್ಟೆ ಎಂಬ ಹೆಸರಿನ ಹಿಂದಿರುವುದು ಈ ಪರೀಕ್ಷೆ. ಪೆಬ್ರಿನ್‌ಗೆ ಇದಕ್ಕಿಂತ ನೆಚ್ಚಿನ ತಡೆ ಇನ್ನೂ ದೊರೆತಿಲ್ಲ.

1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ದೈವಾಧೀನರಾದರು. ಪ್ಯಾರಿಸ್ಸಿನ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆಯ ಪೂಜೆ ನಡೆಯಿತು. ಮರುವರ್ಷ ಅವರ ಪಾರ್ಥಿವ ಶರೀರವನ್ನು ಅವರದೇ ಹೆಸರಿನ ಸಂಸ್ಥೆಯ ನೆಲಮಾಳಿಗೆಯ ಸಮಾಧಿಗೆ ತರಲಾಯಿತು. 1910ರಲ್ಲಿ ಪತ್ನಿ ಮರಿಯೂ ಅಲ್ಲಿಯೇ ವಿಶ್ರಮಿಸಿದರು. ಬಣ್ಣದ ಕಲ್ಲು ಹರಳುಗಳನ್ನು ಜೋಡಿಸಿದ ಅಲ್ಲಿನ ಗೋಡೆ ಚಾವಣಿಗಳಲ್ಲಿ ಕುರಿ, ದನ, ಕೋಳಿ, ನಾಯಿಗಳಿವೆ. ಅವುಗಳ ಜೊತೆಗೆ ಹಿಪ್ಪುನೇರಳೆಯ ಕೊಂಬೆಗಳೂ ರೇಷ್ಮೆಯ ಹುಳುಗಳೂ ಇವೆ.