ಫ್ರಾಂಕೆ ಬೋಧಕನ ಕಾಣಿಕೆಪೆಟ್ಟಿಗೆ

ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಮನೆಯ ಯಜಮಾನನು ತೀರಿಹೋಗಿ ಹೆಂಡತಿಮಕ್ಕಳು ದಿಕ್ಕಿಲ್ಲದವರಾದರೆ, ಇಲ್ಲವೆ ಒಬ್ಬನ ಗುಡಿಸಲು ಬೆಂಕಿಬಿದ್ದು ಸುಟ್ಟುಹೋದರೆ, ನಾವೆಲ್ಲರೂ ಮರುಗುತ್ತೇವೆ. ಆದರೆ ಸಹಾಯಕ್ಕಾಗಿ ಹಣ ಕೂಡಿಸೋಣವೆಂದು ಯಾರಾದರೂ ಮಾತೆತ್ತಿದ ಕೂಡಲೇ, ನಾವೇ ಬಡವರಲ್ಲವೇ, ನಮ್ಮ ನಾಲ್ಕು ಕಾಸಿನಿಂದ ಏನಾದೀತು ಎಂಬ ಯೋಚನೆ ಹುಟ್ಟುತ್ತದೆ. ಕೂಡಿಸಿದ ಮೇಲೆಯೂ, ಅದು ಸರಿಯಾಗಿ ಮುಟ್ಟಿತೋ ಇಲ್ಲವೋ ಎಂಬ ಸಂಶಯ ಉಳಿಯುತ್ತದೆ. ಈ ಎರಡು ತೊಡಕುಗಳನ್ನೂ ದಾಟಿದ ಒಬ್ಬ ದೇವಭಕ್ತನ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

ಆತನ ಹೆಸರು ಔಗುಸ್ಟ್ ಹೆರ್ಮನ್ ಫ್ರಾಂಕೆ. ಜರ್ಮನಿ ದೇಶದ ಲ್ಯೂಬೆಕ್ ಪಟ್ಟಣದಲ್ಲಿ 1663ನೇ ಇಸವಿಯಲ್ಲಿ ಹುಟ್ಟಿದನು. ನ್ಯಾಯಶಾಸ್ತ್ರವನ್ನು ಬಲ್ಲ ಆತನ ತಂದೆಯು ಗೋಥಾ ಸಂಸ್ಥಾನದ ದೊರೆಯ ಸೇವೆಗೆ ಸೇರಿ ಕುಟುಂಬದೊಡನೆ ಅಲ್ಲಿಗೆ ಹೋದನು. 1670ರಲ್ಲಿ ಆ ತಂದೆಯು ತೀರಿಕೊಂಡಾಗ ಹುಡುಗನಿಗೆ ಏಳೇ ವರುಷ. ತಂದೆಯಿಲ್ಲದ ಮಗುವಿನ ದುಃಖವೇನೆಂಬದನ್ನು ಆತನು ಹೀಗೆ ಬಾಲ್ಯದಲ್ಲಿಯೇ ಅರಿತನು.

ಫ್ರಾಂಕೆಯು ಬಹಳ ಓದಿದನು. ಗ್ರೀಕ್, ಇಬ್ರಿಯ ಮೊದಲಾದ ಭಾಷೆಗಳನ್ನು ಕಲಿತು ಪಂಡಿತನೆನಿಸಿಕೊಂಡನು. ಆದರೂ ಹೃದಯದಲ್ಲಿ ಸಮಾಧಾನವಿರಲಿಲ್ಲ. 1687ರಲ್ಲಿ ಲ್ಯೂನೆಬುರ್ಗ್ ಎಂಬ ಊರಿನಲ್ಲಿ ಒಂದು ಪ್ರಸಂಗವನ್ನು ಸಿದ್ಧಮಾಡುತ್ತಿದ್ದಾಗ, ತಾನು ಇತರರಿಗೆ ಬೋಧಿಸಬೇಕಾದ ನಂಬಿಕೆಯು ತನ್ನಲ್ಲಿಯೇ ಇಲ್ಲವೆಂದು ಕಂಡು ನಡುಗಿದನು. ಮೊಣಕಾಲೂರಿ ದೇವರಿಗೆ ಮೊರೆಯಿಟ್ಟನು. ಆತನ ಸಂಶಯಗಳೆಲ್ಲಾ ನೀಗಿ ಹೃದಯವು ಸಂತೋಷದಿಂದ ತುಂಬಿತು. ಆ ಮೇಲೆ ಲೈಪ್ಜಿಗ್ ಪಟ್ಟಣದಲ್ಲಿ ಸತ್ಯವೇದವನ್ನು ಸರಳವಾಗಿ ವಿವರಿಸತೊಡಗಿದಾಗ ವಿರೋಧವುಂಟಾಯಿತು. ಎರ್ಫುರ್ಟ್ ಪಟ್ಟಣದವರು 1691ರಲ್ಲಿ ಆತನನ್ನು ಊರುಬಿಟ್ಟು ಕಳುಹಿಸಿದರು. 1692ರಲ್ಲಿ ಹಾಲ್ಲೆ ಪಟ್ಟಣದ ವಿದ್ಯಾಪೀಠದಲ್ಲಿ ಪಂಡಿತನಾಗಿಯೂ, ಆ ಪಟ್ಟಣದ ಗೋಡೆಯ ಹೊರಗಿದ್ದ ಗ್ಲೌಖಾ ಎಂಬ ಊರಿನ ಸಭಾಪಾಲಕನಾಗಿಯೂ ನೇಮಕವಾದನು.

ಗ್ಲೌಖಾ ಬಡವರ ಊರು. ಹತ್ತು ವರುಷಗಳ ಹಿಂದೆ ಬಂದ ಮಹಾಮಾರಿಯು ಅನೇಕರನ್ನು ನುಂಗಿಬಿಟ್ಟಿತ್ತು. ಹೆಂಡದ ಅಂಗಡಿಗಳಿಗೆ ಮಾತ್ರ ಕೊರತೆಯಿರಲಿಲ್ಲ. ಪ್ರತಿ ಗುರುವಾರ ಬಡವರು ಬೋಧಕನ ಬಾಗಲಿಗೆ ಬಂದು ರೊಟ್ಟಿ ಬೇಡುವದು ವಾಡಿಕೆಯಾಗಿತ್ತು. ಫ್ರಾಂಕೆಯು ಅವರನ್ನು ಒಳಗೆ ಕರೆದು, ಕೂರಿಸಿ, ಮಕ್ಕಳನ್ನು ಧರ್ಮಪ್ರಶ್ನೆಗಳಿಂದ ವಿಚಾರಿಸಿದನು. ಆ ಮಕ್ಕಳ ಅಜ್ಞಾನವನ್ನು ಕಂಡು ಆತನ ಕರುಳು ಮರುಗಿತು. ಶಾಲೆಯ ಸಂಬಳಕ್ಕೆಂದು ಹಣ ಕೊಟ್ಟುನೋಡಿದನು. ಅವರು ಹಣವನ್ನು ತಕ್ಕೊಂಡರೇ ಹೊರತು ಶಾಲೆಗೆ ಹೋಗಲಿಲ್ಲ. ಕೊಟ್ಟುಬಿಟ್ಟರೆ ಸಾಲದು, ಕೊಟ್ಟದ್ದು ಫಲಿಸುವ ಹಾಗೆ ನೋಡಿಕೊಳ್ಳಬೇಕೆಂಬ ಪಾಠವನ್ನು ಆತನು ಅಂದೇ ಕಲಿತನು.

ಆತನ ಸ್ವಂತ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಆದಕಾರಣ ಮೊದಲು ಸ್ನೇಹಿತರ ಮನೆಗಳಿಗೆ ಒಂದು ಪೆಟ್ಟಿಗೆಯನ್ನು ಕಳುಹಿಸಿ ಬಡವರಿಗಾಗಿ ಹಣ ಕೂಡಿಸಿದನು. 1695ರ ಪ್ರಾರಂಭದಲ್ಲಿ ತನ್ನ ಮನೆಯ ಕೋಣೆಯಲ್ಲಿಯೇ ಒಂದು ಕಾಣಿಕೆಪೆಟ್ಟಿಗೆಯನ್ನು ಇಟ್ಟನು. ಕಷ್ಟದಲ್ಲಿರುವ ಸಹೋದರನಿಗೆ ಹೃದಯವನ್ನು ಮುಚ್ಚಿಕೊಳ್ಳುವವನಲ್ಲಿ ದೇವರ ಪ್ರೀತಿ ನೆಲೆಗೊಳ್ಳದೆಂದು ತಿಳಿಸುವ 1 ಯೋಹಾನ 3:17ನೇ ವಚನವನ್ನೂ, ಸಂತೋಷದಿಂದ ಕೊಡಬೇಕೆಂದು ಕಲಿಸುವ 2 ಕೊರಿಂಥ 9:7ನೇ ವಚನವನ್ನೂ ಅದರ ಮೇಲೆ ಬರೆದಿದ್ದನು. ಯಾರನ್ನೂ ಬಲವಂತಪಡಿಸಲಿಲ್ಲ, ಬಂದವರು ನೋಡಿ, ಮನಸ್ಸಿದ್ದಷ್ಟು ಹಾಕುತ್ತಿದ್ದರು.

ಸುಮಾರು ಮೂರು ತಿಂಗಳಾದ ಮೇಲೆ ಯಾರೋ ಒಬ್ಬರು ಒಂದೇ ಸಾರಿಗೆ ನಾಲ್ಕು ತಾಲೆರ್ ಹದಿನಾರು ಗ್ರೋಷೆನ್ ಹಾಕಿದರು. ತಾಲೆರ್ ಎಂಬದು ಆಗಿನ ಕಾಲದಲ್ಲಿ ಆ ದೇಶದ ಬೆಳ್ಳಿಯ ನಾಣ್ಯವಾಗಿತ್ತು. ಅದಕ್ಕೆ 24 ಗ್ರೋಷೆನ್. ಶ್ರೀಮಂತರಿಗೆ ಇದು ಸಣ್ಣ ಮೊತ್ತವೇ. ಫ್ರಾಂಕೆಯಾದರೋ ಇದು ಒಂದು ಒಳ್ಳೇ ಬಂಡವಾಳವೆಂದು ಹರ್ಷಿಸಿ, ಬಡವರ ಶಾಲೆಯನ್ನು ತೆರೆಯುವದಕ್ಕೆ ನಿಶ್ಚಯಿಸಿದನು. ಅದೇ ದಿನ ಎರಡು ತಾಲೆರಿಗೆ 27 ಪುಸ್ತಕಗಳನ್ನು ಕೊಂಡನು. ದಿನಕ್ಕೆ ಎರಡು ತಾಸು ಕಲಿಸುವದಕ್ಕೆ ಒಬ್ಬ ಬಡ ವಿದ್ಯಾರ್ಥಿಯನ್ನು ವಾರಕ್ಕೆ ಆರು ಗ್ರೋಷೆನ್ ಸಂಬಳದ ಮೇಲೆ ಇಟ್ಟನು. ಮಕ್ಕಳು ಪುಸ್ತಕಗಳನ್ನು ಸಂತೋಷದಿಂದ ಮನೆಗೆ ಒಯ್ದರು. ಹಿಂದಕ್ಕೆ ಬಂದ ಪುಸ್ತಕಗಳು ನಾಲ್ಕೇ!

ಇಷ್ಟಾದ ಮೇಲೆ ನಾವಾಗಿದ್ದರೆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಬಿಡುತ್ತಿದ್ದೆವೋ ಏನೋ. ಫ್ರಾಂಕೆಯು ಹಾಗೆ ಮಾಡಲಿಲ್ಲ. ಉಳಿದ ಹಣದಿಂದ ಬೇರೆ ಪುಸ್ತಕಗಳನ್ನು ಕೊಂಡು, ಪಾಠ ಮುಗಿದ ಮೇಲೆ ಮಕ್ಕಳು ಅವುಗಳನ್ನು ಅಲ್ಲಿಯೇ ಇಟ್ಟುಹೋಗಬೇಕೆಂದು ಕಟ್ಟುಮಾಡಿದನು. ಬಡವರ ಮೇಲೆ ಸಿಟ್ಟಾಗದೆ ತನ್ನ ಏರ್ಪಾಡನ್ನೇ ತಿದ್ದಿಕೊಂಡನು. ಶಾಲೆಯು ನಿಂತಿತು. ಅನುಕೂಲಸ್ಥರೂ ತಮ್ಮ ಮಕ್ಕಳನ್ನು ವಾರಕ್ಕೊಂದು ಗ್ರೋಷೆನ್ ಕೊಟ್ಟು ಕಳುಹಿಸತೊಡಗಿದರು.

ಮತ್ತೊಬ್ಬ ದಾನಿಯು 500 ತಾಲೆರ್ ಇಟ್ಟು, ಅದರ ಬಡ್ಡಿಯಾದ 25 ತಾಲೆರಿನಿಂದ ಒಂದು ಅನಾಥ ಮಗುವನ್ನು ಸಾಕಲು ಅನುಕೂಲಮಾಡಿದನು. ಒಂದು ಮಗುವನ್ನು ಹುಡುಕಲಾಗಿ ನಾಲ್ಕು ಮಕ್ಕಳು ಸಿಕ್ಕಿದರು. ಫ್ರಾಂಕೆಯು ಮೂವರನ್ನು ಹಿಂದೆ ಕಳುಹಿಸಲಾರದೆ, ಕರ್ತನ ಮೇಲೆ ಭಾರಹಾಕಿ ನಾಲ್ವರನ್ನೂ ತಕ್ಕೊಂಡನು. ಅನಾಥರ ಸಂಖ್ಯೆಯು ಬೆಳೆಯುತ್ತಾ ಬರಲು, ಹಾಲೆಂಡ್ ದೇಶದಲ್ಲಿ ಅನಾಥಶಾಲೆಗಳು ನಡೆಯುವ ಕ್ರಮವನ್ನು ನೋಡಿಬರಲು 1697ರಲ್ಲಿ ನೊಯ್‌ಬೌವರ್ ಎಂಬ ತನ್ನ ಸಹಾಯಕನನ್ನು ಕಳುಹಿಸಿದನು. 1698ರಲ್ಲಿ ದೊಡ್ಡ ಅನಾಥಶಾಲೆಗೆ ಅಸ್ತಿವಾರ ಹಾಕಲಾಯಿತು. ದಾನವನ್ನೇ ನೆಚ್ಚಿಕೊಂಡಿರದೆ ಔಷಧದ ಅಂಗಡಿ, ಪುಸ್ತಕದ ಅಂಗಡಿಗಳನ್ನೂ ನಡಿಸಿ, ಅವುಗಳ ಲಾಭವನ್ನು ಮಕ್ಕಳಿಗಾಗಿ ಉಪಯೋಗಿಸಿದರು.

ಹಣವು ಬಂದ ಕಡೆಗೆ ಮಾತುಗಳೂ ಬರುತ್ತವೆ. ಆತನನ್ನು ದೂರುವವರು ಎದ್ದರು. 1700ರಲ್ಲಿ ಸರಕಾರದ ವಿಚಾರಣೆಯೂ ನಡೆಯಿತು. ಫ್ರಾಂಕೆಯು ಮುನಿದು ಕೈಬಿಡಲಿಲ್ಲ. ಕೆಲಸವು ಹೇಗೆ ಆರಂಭವಾಯಿತು, ಸಹಾಯವು ಹೇಗೆ ಹೇಗೆ ಒದಗಿತು ಎಂಬದನ್ನೆಲ್ಲಾ ವಿವರವಾಗಿ ಬರೆದು 1701ರಲ್ಲಿ ಅಚ್ಚುಹಾಕಿಸಿ ಎಲ್ಲರ ಮುಂದಿಟ್ಟನು. ಅದನ್ನು ಓದಿ ದೂರದೇಶದವರೂ ದಾನ ಕಳುಹಿಸಿದರು.

ಆತನಲ್ಲಿ ಕುಂದೇ ಇರಲಿಲ್ಲವೆಂದು ನಾವು ಹೇಳುವದಿಲ್ಲ. ಆತನ ಶಾಲೆಗಳ ಶಿಸ್ತು ಬಲು ಕಠಿಣ. ಮಕ್ಕಳು ಆಡುವದನ್ನು ಕೂಡ ಆತನು ಮೆಚ್ಚುತ್ತಿರಲಿಲ್ಲ. ಆದರೂ 1727ರಲ್ಲಿ ಆತನು ಕರ್ತನಲ್ಲಿ ನಿದ್ರೆಹೋದಾಗ ಆ ಶಾಲೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಕಲಿಯುತ್ತಿದ್ದರು.

ಆ ಪೆಟ್ಟಿಗೆಯ ಫಲವು ನಮ್ಮ ದೇಶಕ್ಕೂ ಮುಟ್ಟಿತು. 1706ರಲ್ಲಿ ತರಂಗಂಬಾಡಿಗೆ ಬಂದ ತ್ಸೀಗೆನ್‌ಬಾಲ್ಗನು ಹಾಲ್ಲೆಯಲ್ಲಿ ಓದಿದವನು. ಆ ಮಿಶನಿಗೆ ಫ್ರಾಂಕೆಯು ಬಹಳ ಆಧಾರವಾಗಿದ್ದನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರೂ ಅದೇ ಭಕ್ತಿಯ ಹೊಳೆಯಿಂದ ನೀರು ಕುಡಿದವರೇ.

ವಾಚಕರೇ, ನಿಮ್ಮ ಸಭೆಯಲ್ಲಿ ಕಷ್ಟಪಡುವ ಮನೆಯೊಂದಿದ್ದರೆ, ಶ್ರೀಮಂತರು ಬರಲೆಂದು ಕಾಯಬೇಡಿರಿ. ಮನೆಗೊಂದು ಹಿಡಿ ಅಕ್ಕಿಯಾದರೂ ಸರಿ, ಒಂದು ನಾಣ್ಯವಾದರೂ ಸರಿ, ಸಂತೋಷದಿಂದ ಕೂಡಿಸಿರಿ. ಇಬ್ಬರು ಮೂವರು ಸೇರಿ ಎಣಿಸಿರಿ. ಬಂದದ್ದನ್ನೂ ಕೊಟ್ಟದ್ದನ್ನೂ ಬರೆದು ಸಭೆಯ ಮುಂದೆ ಓದಿರಿ. ಸಹಾಯಹೊಂದಿದವರನ್ನು ಮಾತ್ರ ನಾಚಿಕೆಪಡಿಸಬೇಡಿರಿ. ಕೆಲವು ಪುಸ್ತಕಗಳು ಹಿಂದೆ ಬಾರದೆ ಹೋದಾವು. ಬಂದ ನಾಲ್ಕನ್ನು ಹಿಡಿದುಕೊಂಡು ಮುಂದರಿಯುವ ತಾಳ್ಮೆಯನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ.